ಮೂರೂರಿನ ಸಾಕ್ಷಿ

ನಮ್ಮ ಮನೆತನದಲ್ಲಿ ಹೆಣ್ಣು ಕೊಡುವ ಮಾತು ಬಂದರೆ, ವರನ ವಿಚಾರಣೆ ಸವಣೂರಿನ ಅಕ್ಕನ ಇಲಾಖೆ. ಅವಳು ವರನ ಗುಣವನ್ನು ಅವನ ನೆಂಟರ ಬಳಿ ಕೇಳುವವಳಲ್ಲ. ಆ ಊರಿನ ಹಿಟ್ಟಿನ ಗಿರಣಿಯಲ್ಲಿ ಸರದಿಗೆ ಕೂತು ಕೇಳುತ್ತಾಳೆ. ಹೇಳಿದವರಿಗೆ ಯಾರು ಹೇಳಿದರು ಎಂಬುದನ್ನೂ ಬಿಡುವುದಿಲ್ಲ. ಎಷ್ಟೋ ಸಂಬಂಧಗಳು ಆ ಗಿರಣಿಯಲ್ಲೇ ನುಚ್ಚಾಗಿ ಹೋಗಿವೆ.

ಅದೇ ಅಕ್ಕ ಮೊನ್ನೆ ಸಕ್ಕರೆ ಕಾಯಿಲೆಯ ಗುಳಿಗೆ ನಿಲ್ಲಿಸಿ ನೇರಳೆ ಬೀಜದ ಪುಡಿ ನೆಕ್ಕುತ್ತಾ ಕೂತಿದ್ದಳು. ಪುಡಿ ತಿಂದವರಿಗೆ ಗುಳಿಗೆಯ ಹಂಗಿಲ್ಲವೆಂದು ವಾಟ್ಸಾಪಿನಲ್ಲಿ ಬಂದಿದೆಯಂತೆ. ಬರೆದವರು ದೊಡ್ಡ ಡಾಕ್ಟರು. ಎಷ್ಟು ದೊಡ್ಡವರೆಂದರೆ ಅವರಿಗೆ ಹೆಸರೇ ಬೇಕಾಗಿಲ್ಲ. ನನಗೆ ನಗು ಬಂತು. ಆದರೆ ಅವಳು ಏಳುವಾಗ ಗೋಡೆ ಹಿಡಿದದ್ದು ನೋಡಿ ಹೆದರಿಕೆಯಾಯಿತು.

ಅಕ್ಕನೇನು ಕಣ್ಣು ಮುಚ್ಚಿ ನಂಬಿದವಳಲ್ಲ. ಹಾನಗಲ್ಲಿನ ನಾದಿನಿ, ಶಿಗ್ಗಾವಿಗೆ ಕೊಟ್ಟ ಮಗಳು, ಹಿರೇಕೆರೂರಿನ ಚಿಗವ್ವ, ಎಲ್ಲರಿಗೂ ಫೋನು ಮಾಡಿದ್ದಳು. ನಮಗೂ ಬಂದಿದೆ ಎಂದು ಎಲ್ಲರೂ ಹೇಳಿದ್ದರು.

“ಮೂರೂರಿನ ಮಂದಿ ಒಂದ ಮಾತು ಹೇಳಾಕತ್ತಾರಂದ್ರ ಸುಳ್ಳು ಹೆಂಗಾಗತೈತೋ ತಮ್ಮಾ?”

ನಮ್ಮ ಕಡೆಯ ಆಡೂರಿನ ಹಳೆಯ ಶಾಸನ ಓದುವವರೂ ಕಲ್ಲಿನಲ್ಲಿದೆ ಎಂದಷ್ಟಕ್ಕೆ ನಂಬುವುದಿಲ್ಲ. ಬರೆಸಿದವರು ಯಾರೆಂದು ಹುಡುಕುತ್ತಾರೆ. ನಾವು ಮೊಬೈಲಿಗೆ ಕಲ್ಲಿಗಿಂತ ಹೆಚ್ಚು ಮರ್ಯಾದೆ ಕೊಡುತ್ತೇವೆ. ಕಳಿಸಿದವರು ನಮ್ಮವರಾದರೆ ಸುದ್ದಿಯೂ ನಮ್ಮದೇ, ಅದಕ್ಕೆ ಚಹಾ ಕೊಟ್ಟು ಕೂರಿಸುವುದೊಂದು ಬಾಕಿ.

ವಾದದಲ್ಲಿ ಅಕ್ಕನನ್ನು ಗೆದ್ದವರಿಲ್ಲ. ಇದನ್ನೂ ಒಬ್ಬ ವರ ಅಂತ ತಿಳಿದುಕೋ, ಯಾರ ಮನೆಯಿಂದ ಬಂತು ಕೇಳು ಎಂದೆ. ಕೆಲಸ ಕೈಗೆ ಸಿಕ್ಕಿದ್ದೇ ತಡ, ಅಕ್ಕ ಫೋನು ಹಿಡಿದಳು. ಚಿಗವ್ವನಿಗೆ ಕಳಿಸಿದವಳು ಮಗಳು. ಮಗಳಿಗೆ ಕಳಿಸಿದವಳು ನಾದಿನಿ. ನಾದಿನಿ ಮಾತ್ರ ನಕ್ಕುಬಿಟ್ಟಳು.

“ನೀವ ಕಳಿಸಿದ್ರಲ್ರಿ ವೈನಿ. ನೀವು ವಿಚಾರಸದ ಏನರ ಕಳಸ್ತೀರೇನ್ರಿ ಅಂತ ನಾನೂ ಎಲ್ಲಾರಿಗೂ ಕಳಿಸಿದೆ.”

ಅಕ್ಕ ಕಳಿಸಿದ್ದು ನಿಜ. ಆದರೆ ಅದರ ಕೆಳಗೆ, ಇದು ಖರೇ ಏನು ಎಂದೂ ಕೇಳಿದ್ದಳು. ನಾದಿನಿ ಸುದ್ದಿಯನ್ನಷ್ಟೇ ಮುಂದೆ ದಾಟಿಸಿದ್ದಳು. ಪ್ರಶ್ನೆ ಹಾನಗಲ್ಲಿನಲ್ಲೇ ಉಳಿದಿತ್ತು.

ಅಕ್ಕ ಫೋನನ್ನು ಮಗುಚಿಟ್ಟಳು. ಪಾಪ ಅನಿಸಿತು. ಆಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಚಪ್ಪಲಿ ಮೆಟ್ಟಿದಳು.

“ಕೇಳಿದಾಕಿನೂ ನಾನ, ಸಾಕ್ಷಿ ಹೇಳಿದಾಕಿನೂ ನಾನ. ದವಾಖಾನಿಗೆ ನಡಿ. ಅಲ್ಲಿಯ ಡಾಕ್ಟರೊಬ್ರ ನನ್ನ ಮಾತು ನಂಬಂಗಿಲ್ಲ, ರಕ್ತಾ ತಗದ ನೋಡ್ತಾರ.”