ಸೊನ್ನೆಯ ನಂತರ ಅಲ್ಪವಿರಾಮ

ನಮ್ಮ ಹುಬ್ಬಳ್ಳಿಯ ಗೆಳೆಯ ಫೋನಿನ ಬೀಗಕ್ಕೆ ಹೆದರುವವನಲ್ಲ. ಅವನು ಚಿಕ್ಕವನಿದ್ದಾಗ ಅವನ ತಂದೆ ಫೋನಿನ ತಿರುಗುವ ಡಯಲ್ಲಿಗೆ ಪುಟ್ಟ ಬೀಗ ಹಾಕಿ ಕಚೇರಿಗೆ ಹೋಗುತ್ತಿದ್ದರಂತೆ. ಇವನು ರಿಸೀವರ್ ಎತ್ತಿ, ಅದನ್ನು ಇಡುವ ಜಾಗದ ಗುಂಡಿಯನ್ನು ಬೆರಳಿನಿಂದ ಕುಟ್ಟಿ ನಂಬರ್ ಹಚ್ಚುತ್ತಿದ್ದ. ಐದಕ್ಕೆ ಐದು ಸಲ, ಸೊನ್ನೆಗೆ ಹತ್ತು ಸಲ. ಡಯಲ್ ತಿರುಗಿದಾಗ ತಂತಿಯಲ್ಲಿ ಆಗುವುದೂ ಅಷ್ಟೇ ಎಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಕ್ರಿಕೆಟ್ ಸ್ಕೋರ್ ಕೇಳಲು ಅಷ್ಟು ವಿದ್ಯೆ ಸಾಕಿತ್ತು.

"ಬೀಗ ಡಯಲ್ಲಿಗಿತ್ತಣ್ಣಾ, ಫೋನಿಗೆಲ್ಲಿತ್ತು?" ಎನ್ನುತ್ತಿದ್ದ.

ಜರ್ಮನಿ ಕಂಪ್ಯೂಟರ್ ಬಲ್ಲವರಿಗೆ ಗ್ರೀನ್ ಕಾರ್ಡ್ ಕೊಡುತ್ತಿದ್ದ ವರ್ಷಗಳವು. ಎರ್ಲಾಂಗೆನ್ನಿನ ಒಂದು ಕಂಪನಿ ವಸತಿಯಲ್ಲಿ ನಾವು ಮೇಲಿನ ಮಹಡಿ, ಅವನು ಕೆಳಗಿನ ಮಹಡಿ. ನಮ್ಮ ಮನೆಯಲ್ಲಿ ಕಾರ್ಡ್ ನನ್ನ ಹೆಂಡತಿಯದು. ಅವಳು ಮೈಸೂರಿನವಳು, ಸಾಫ್ಟ್‌ವೇರ್ ಕೆಲಸ. ನಾನು ಬೆಂಗಳೂರಿನಲ್ಲಿ ಪತ್ರಿಕೆಯ ಉಪಸಂಪಾದಕನ ಕುರ್ಚಿ ಬಿಟ್ಟು ಅವಳ ಹಿಂದೆ ಬಂದವನು. ಹೀಗೆ ಸಂಗಾತಿಯಾಗಿ ಬಂದವರು ಮೊದಲ ವರ್ಷ ಕೆಲಸ ಮಾಡುವಂತಿರಲಿಲ್ಲ. ನಾನು ಅಡುಗೆ ಮಾಡುತ್ತಿದ್ದೆ, ಮಧ್ಯಾಹ್ನ ಜರ್ಮನ್ ಕ್ಲಾಸಿಗೆ ಸೈಕಲ್ ತುಳಿಯುತ್ತಿದ್ದೆ. ಗೆಳೆಯ ನನ್ನನ್ನು ಅಣ್ಣ, ಅವಳನ್ನು ಅತ್ತಿಗೆ ಎನ್ನುವ ಅವರ ಕಡೆಯ ಮಾತಿನಲ್ಲಿ ವೈನಿ ಎಂದು ಕರೆದು ನಮ್ಮಲ್ಲೇ ಊಟ ಮಾಡುತ್ತಿದ್ದ.

ಆ ಬೇಸಿಗೆಯಲ್ಲಿ ಅವನು ರಜೆಗೆ ಹೋಗಿ ಗದಗಿನ ಹತ್ತಿರದ ಊರಿನಲ್ಲಿ ಒಂದು ಹೆಣ್ಣು ನೋಡಿ ಬಂದ. ಆಕೆ ಕಾಲೇಜಿನಲ್ಲಿ ಗಣಿತ ಹೇಳುವವಳು. ಹತ್ತಾರು ಜನರ ನಡುವೆ ಅವಲಕ್ಕಿ ತಿಂದು ಎದ್ದು ಬಂದದ್ದೇ ಆಗಿತ್ತು, ಇಬ್ಬರೂ ಒಂದು ಮಾತು ಆಡಿರಲಿಲ್ಲ. ಅವನಿಗೆ ಆಕೆ ತುಂಬ ಹಿಡಿಸಿದ್ದಳು. ಆಕೆ ಮಾತ್ರ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. "ಅವರು ತಾವ ಫೋನ್ ಮಾಡಿ ಮಾತಾಡ್ಲಿ, ಆಮ್ಯಾಲೆ ಹೇಳ್ತೀನಿ" ಎಂದಳಂತೆ. ಆಕೆಯ ಮನೆಯಲ್ಲಿ ಫೋನಿರಲಿಲ್ಲ. ಭಾನುವಾರ ಮಧ್ಯಾಹ್ನ ಗದಗಿನ ಸೋದರಮಾವನ ಮನೆಗೆ ಊಟಕ್ಕೆ ಬರುತ್ತಾಳೆ, ಅಲ್ಲಿ ಫೋನಿದೆ, ಊಟವಾದ ಮೇಲೆ ಊರಿಗೆ ಬಸ್ಸು ಹತ್ತುತ್ತಾಳೆ ಎಂದು ಸುದ್ದಿ ಬಂತು. ಸಂಜೆ ಇನ್ನೊಂದು ಕಡೆಯವರು ಆಕೆಯನ್ನು ನೋಡಲು ಬರುವವರಿದ್ದರು. ಎಂದರೆ ಅವನಿಗೆ ಸಿಗುವುದು ಆ ಊಟದ ಹೊತ್ತು ಮಾತ್ರ. ನಮಗೆ ಅದು ಬೆಳಗಿನ ತಿಂಡಿಯ ಹೊತ್ತು.

ಭಾನುವಾರ ಗದಗಿಗೆ ಲೈನು ಸಿಗುವುದು ಸುಲಭವಿರಲಿಲ್ಲ. ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ ಎಂದು ಒಬ್ಬ ಹೆಂಗಸು ಶುದ್ಧ ಕನ್ನಡದಲ್ಲಿ ಹೇಳುತ್ತಿದ್ದಳು. ಮತ್ತೆ ಮತ್ತೆ ಹಚ್ಚಬೇಕು. ವಸತಿಯ ಹಳೇ ಫೋನಿನಲ್ಲಿ ರೀಡಯಲ್ ಗುಂಡಿ ಇರಲಿಲ್ಲ. ಅದಕ್ಕೆ ಗೆಳೆಯ ವಾರವಿಡೀ ಕೂತು ಒಂದು ಪುಟ್ಟ ಪ್ರೋಗ್ರಾಂ ಬರೆದಿದ್ದ. ಕಂಪ್ಯೂಟರನ್ನು ಫೋನಿನ ತಂತಿಗೆ ಜೋಡಿಸುವ ನಮ್ಮ ಮೋಡೆಮ್ ನಂಬರ್ ಹಚ್ಚುತ್ತದೆ, ಸದ್ದೆಲ್ಲ ಅದರ ಸ್ಪೀಕರಿನಲ್ಲಿ ಕೇಳುತ್ತದೆ. ಲೈನು ಸಿಗದಿದ್ದರೆ ಒಂದು ಕೀ ಒತ್ತಿದರೆ ಸಾಕು, ಕತ್ತರಿಸಿ ಮತ್ತೆ ಹಚ್ಚುತ್ತದೆ.

ಬೆಂಗಳೂರಿನಲ್ಲಿ ಕೊಂಡ ಮೋಡೆಮ್ ಅದು. ಮೊದಲ ಯತ್ನದಲ್ಲೇ ಡಯಲ್‌ಟೋನ್ ಇಲ್ಲ ಎಂದು ಮುಷ್ಕರ ಹೂಡಿತು. ಟೋನ್ ಇತ್ತು, ಆದರೆ ವಸತಿಯ ಒಳ ಎಕ್ಸ್‌ಚೇಂಜಿನ ಟೋನ್ ಅದಕ್ಕೆ ಪರಿಚಯವಿರಲಿಲ್ಲ.

"ಗುರುತಿಲ್ಲದವರ ಜೊತೆ ಮಾತಾಡಲ್ಲ ಅಂತಿದೆ," ಎಂದಳು ನನ್ನ ಹೆಂಡತಿ. "ಒಳ್ಳೇ ಮನೆತನದ್ದು."

"ಹೇಳ್ತೀನಿ ತಡೀರಿ ವೈನಿ ಅದಕ್ಕ," ಎಂದು ಅವನು ಒಂದು ಆಜ್ಞೆ ಸೇರಿಸಿದ. ಇನ್ನು ಅದು ಟೋನಿಗೆ ಕಾಯುವುದಿಲ್ಲ, ನೇರ ಹಚ್ಚುತ್ತದೆ.

ಹಚ್ಚಿತು. ರಿಂಗ್ ಆಯಿತು. ಇಷ್ಟು ಬೇಗ ಗದಗ ಸಿಕ್ಕಿತೇ ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬಳು ಜರ್ಮನ್‌ನಲ್ಲಿ ಯಾರು ಎಂದು ಕೇಳಿದಳು. ಗೆಳೆಯ ಗಾಬರಿಯಾಗಿ ಕೀ ಒತ್ತಿದ. ಕೀ ಇದ್ದದ್ದೇ ಮತ್ತೆ ಹಚ್ಚಲು. ಮತ್ತೆ ಅದೇ ಅಜ್ಜಿ. ಮತ್ತೆ ಒತ್ತಿದ. ಈ ಸಲ ಅಜ್ಜಿ ಯಾರು ಎಂದು ಕೇಳಲಿಲ್ಲ. ಇವತ್ತು ಭಾನುವಾರ, ನನ್ನ ಮೊಟ್ಟೆ ಆರುತ್ತಿದೆ ಎಂದಳು. ಅಲ್ಲಿ ಭಾನುವಾರ ಸದ್ದು ಮಾಡುವುದು ಅಪರಾಧಕ್ಕೆ ತುಸು ಕಡಿಮೆ.

"ಒತ್ತಬೇಡ್ವೋ," ಎಂದು ನನ್ನ ಹೆಂಡತಿ ರಿಸೀವರ್ ಎತ್ತಿದಳು. ಮೂವರಲ್ಲಿ ಜರ್ಮನ್ ಸರಿಯಾಗಿ ಬರುತ್ತಿದ್ದುದು ಅವಳಿಗೆ. ಕ್ಷಮೆ ಕೇಳಿ, ಇದ್ದ ವಿಷಯ ಹೇಳಿದಳು: ಇಲ್ಲೊಬ್ಬ ಹುಡುಗನಿದ್ದಾನೆ, ಭಾರತದಲ್ಲೊಬ್ಬ ಹುಡುಗಿಯಿದ್ದಾಳೆ, ಬಸ್ಸು ಹೊರಡುವ ಮೊದಲು ಆಕೆಯನ್ನು ಮದುವೆಗೆ ಕೇಳಬೇಕು.

"ಹಾಗಾದರೆ ಆಕೆಗೆ ಫೋನ್ ಮಾಡಲಿ. ನನ್ನನ್ನು ಯಾಕೆ ಕೇಳುತ್ತಿದ್ದಾನೆ?" ಎಂದಳು ಅಜ್ಜಿ. ಇಡುವ ಮೊದಲು, "ಏನಾಯಿತು ಅಂತ ನನಗೂ ತಿಳಿಸಿ" ಎಂದಳು. ನನ್ನ ಹೆಂಡತಿ ಆಗಲಿ ಎಂದಳು.

ಗೆಳೆಯ ತಲೆ ಮೇಲೆ ಕೈ ಹೊತ್ತಿದ್ದ. ನಾನು ಪರದೆಯ ಮೇಲಿದ್ದ ನಂಬರನ್ನು ಅಚ್ಚಿನ ಕರಡು ತಿದ್ದುವವನಂತೆ ಒಂದೊಂದೇ ಅಂಕಿಯಾಗಿ ಓದಿದೆ. ಮೊದಲು ವಸತಿಯಿಂದ ಹೊರಹೋಗಲು ಒಂದು ಸೊನ್ನೆ. ಹಿಂದೆಯೇ ವಿದೇಶಕ್ಕೆ ಎರಡು ಸೊನ್ನೆ, ಭಾರತದ ತೊಂಬತ್ತೊಂದು, ಗದಗ. ನಾವು ಕೈಯಿಂದ ಹಚ್ಚುವಾಗ ಮೊದಲ ಸೊನ್ನೆ ಒತ್ತಿ, ಹೊರಗಿನ ಟೋನ್ ಬರುವವರೆಗೆ ಉಸಿರು ಬಿಡುತ್ತಿದ್ದೆವು. ಮೋಡೆಮ್ ಉಸಿರು ಬಿಡುತ್ತಿರಲಿಲ್ಲ. ಲೈನು ಹೊರಗೆ ತೆರೆದುಕೊಳ್ಳುವ ಮೊದಲೇ ವಿದೇಶದ ಸೊನ್ನೆಗಳು ಬಿದ್ದುಹೋಗುತ್ತಿದ್ದವು. ಉಳಿದದ್ದು ತೊಂಬತ್ತೊಂದರಿಂದ ಶುರುವಾಗುವ ಊರೊಳಗಿನ ಒಂದು ನಂಬರ್. ಆ ಮನೆಯಲ್ಲಿ ಅಜ್ಜಿ ಮೊಟ್ಟೆ ತಿನ್ನುತ್ತಿದ್ದಳು.

"ಇಲ್ಲಿ ನಿಲ್ಲಬೇಕು," ಎಂದೆ. "ನಿಲ್ಲಿಸೋದಕ್ಕೆ ಏನೂ ಇಲ್ವಾ?"

ಅವನು ಮೋಡೆಮ್ಮಿನ ಕೈಪಿಡಿ ನನ್ನ ಕಡೆ ತಳ್ಳಿದ. ಅದರಲ್ಲಿ ಒಂದು ಸಾಲಿತ್ತು: ನಂಬರಿನ ನಡುವೆ ಕಾಮಾ ಹಾಕಿದರೆ ಮೋಡೆಮ್ ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ನಾನು ಅದನ್ನು ಎರಡು ಸಲ ಓದಿದೆ. ಕಾಮಾಕ್ಕೆ ಕನ್ನಡದಲ್ಲಿ ಅಲ್ಪವಿರಾಮ ಎನ್ನುತ್ತೇವೆ. ವರ್ಷಗಟ್ಟಲೆ ವರದಿಗಾರರ ಪ್ರತಿಗಳಲ್ಲಿ ಅದನ್ನು ಹಾಕಿದ್ದೆ, ತೆಗೆದಿದ್ದೆ. ಅಲ್ಲಿ ನಿಂತು ಓದಿದವರು ಯಾರೂ ನನಗೆ ಸಿಕ್ಕಿರಲಿಲ್ಲ. ಈ ಪೆಟ್ಟಿಗೆ ನಿಲ್ಲುತ್ತದಂತೆ.

"ಸೊನ್ನೆ ಆದ ಮೇಲೆ ಒಂದು ಅಲ್ಪವಿರಾಮ ಹಾಕು. ಬೇಡ, ಎರಡು ಹಾಕು."

"ಎರಡು ಅಲ್ಪವಿರಾಮ ತಪ್ಪಲ್ಲೇನಣ್ಣಾ?"

"ಪತ್ರಿಕೆಯಲ್ಲಿ ತಪ್ಪು. ಹಾಕು."

ಈ ಸಲ ಶುದ್ಧ ಕನ್ನಡದ ಹೆಂಗಸು ಬಂದಳು. ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ. ಅವಳ ದನಿ ಕೇಳಿ ನಾವು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು. ಅವನು ಕೀ ಒತ್ತುತ್ತಾ ಹೋದ, ನಾನು ಉಪ್ಪಿಟ್ಟು ಬಡಿಸಿದೆ, ಅದು ಯಾರಿಗೂ ಇಳಿಯಲಿಲ್ಲ. ಕೊನೆಗೆ ರಿಂಗ್ ಆಯಿತು. "ಯಾರ್ರೀ?" ಎಂದಿತು ಗಂಡು ದನಿ, ಸೋದರಮಾವ. ಗೆಳೆಯ ರಿಸೀವರಿಗೆ ಕೈ ಚಾಚುವ ಮೊದಲೇ ಮೋಡೆಮ್ ಆತನ ಕಿವಿಗೆ ಕೀಂ ಎಂದು ಊದಿತು. "ಏ, ಯಾವನೋ ಫ್ಯಾಕ್ಸ್ ಕಳಿಸಾಕತ್ತಾನ ನೋಡ್ರಿ," ಎಂದು ಒಳಗಿನವರಿಗೆ ಹೇಳುತ್ತಾ ಆತ ಇಟ್ಟುಬಿಟ್ಟ.

ಗಡಿಯಾರ ನೋಡಿದೆವು. ಅಲ್ಲಿ ಮಜ್ಜಿಗೆ ಅನ್ನದ ಹೊತ್ತು.

ನಾನು ಕೈಪಿಡಿಯ ಅದೇ ಪುಟದಲ್ಲಿ ಕೆಳಗಿಳಿದೆ. ಕೊನೆಯಲ್ಲಿ ಸೆಮಿಕೋಲನ್ ಹಾಕಿದರೆ ಮೋಡೆಮ್ ನಂಬರ್ ಹಚ್ಚಿ ಸುಮ್ಮನಾಗುತ್ತದೆ, ಊದುವುದಿಲ್ಲ. "ಅರ್ಧವಿರಾಮ," ಎಂದೆ.

"ಪೂರ್ಣವಿರಾಮಕ್ಕ ಏನ್ ಮಾಡ್ತದ ಅದು?"

"ಹಾಕ್ಬೇಡ. ಬಸ್ಸು ಹೋಗಿಬಿಡುತ್ತೆ," ಎಂದಳು ನನ್ನ ಹೆಂಡತಿ.

ಮತ್ತೆ ಕಾರ್ಯನಿರತ, ಮತ್ತೆ ಕೀ, ಆಮೇಲೆ ರಿಂಗ್. ಅವನು ರಿಸೀವರ್ ಎತ್ತಿ ಹೆಸರು ಹೇಳಿದ. ಸ್ಪೀಕರ್ ಇನ್ನೂ ಆನ್ ಇತ್ತು, ಆರಿಸುವುದು ಯಾರಿಗೂ ಹೊಳೆಯಲಿಲ್ಲ. ಪಾತ್ರೆಯ ಸದ್ದು, ಚಪ್ಪಲಿಯ ಸದ್ದು, ಆಮೇಲೆ ಆಕೆಯ ದನಿ. "ಹಾಂ, ಹೇಳ್ರಿ."

ಅವನು ಮತ್ತೆ ತನ್ನ ಹೆಸರನ್ನೇ ಹೇಳಿದ. ಆಕೆಯೇ ಕೇಳಿದಳು. "ನಾ ಅಲ್ಲಿಗೆ ಬಂದ್ರ ಕೆಲಸ ಮಾಡಬಹುದೇನ್ರಿ?"

ಅವನು ನಮ್ಮತ್ತ ನೋಡಿದ. ಸುಳ್ಳು ಹೇಳಲು ಅದು ಒಳ್ಳೆಯ ಸಮಯವೇ ಆಗಿತ್ತು. "ಮೊದಲನೇ ವರ್ಷ ಆಗೂದಿಲ್ರಿ," ಎಂದ. "ಇಲ್ಲೇ ನಮ್ಮ ಅಣ್ಣ ಅದಾರ. ವೈನಿ ದುಡೀತಾರ, ಅವರು ಮನ್ಯಾಗ ಇರ್ತಾರ. ಅವರನ್ನ ಕೇಳ್ರಿ." ರಿಸೀವರ್ ನನ್ನ ಕೈಗೆ ಬಂತು.

"ಬ್ಯಾಸರ ಆಗ್ತದೇನ್ರಿ?"

"ಬೆಳಿಗ್ಗೆ ಆಗುತ್ತೆ," ಎಂದೆ. "ಮಧ್ಯಾಹ್ನ ಕ್ಲಾಸ್ ಇರುತ್ತೆ, ಆಗಲ್ಲ. ಊಟಕ್ಕೆ ಇವನು ಬರ್ತಾನೆ, ಆಗ ಸ್ವಲ್ಪ ತಲೆನೋವು ಆಗುತ್ತೆ."

ಆಕೆ ನಕ್ಕಳು. ರಿಸೀವರ್ ಅವನಿಗೆ ಕೊಟ್ಟೆ. "ಒಂದು ವರ್ಷ ಅಲ್ಲೇನ್ರಿ? ಅಷ್ಟರಾಗ ಜರ್ಮನ್ ಕಲೀತೀನಿ ತಗೋರಿ," ಎಂದಳು. "ಮಾಮಾಗ ಹೇಳ್ತೀನಿ. ಬಸ್ಸಿಗೆ ಹೊತ್ತಾತು." ಇಟ್ಟಳು.

ಗೆಳೆಯ ರಿಸೀವರ್ ಇಟ್ಟು ನಮ್ಮತ್ತ ತಿರುಗಿದ. "ಹೂಂ ಅಂದ್ರೋ, ಇಲ್ಲೋ?"

"ಅದೇ ಕಣೋ ಹೂಂ," ಎಂದಳು ನನ್ನ ಹೆಂಡತಿ. "ಗಣಿತದವರು ಉತ್ತರ ಹಾಗೇ ಹೇಳೋದು, ಲೆಕ್ಕ ಮಾಡಿ ತೋರ್ಸಿ."

ಆಗ ಅವನಿಗೆ ಹಸಿವಾಯಿತು. ಆರಿದ ಉಪ್ಪಿಟ್ಟನ್ನು ಬಾಣಲೆಯಿಂದಲೇ ತಿಂದ. ತಿನ್ನುತ್ತಾ ಅಜ್ಜಿಯ ನೆನಪಾಯಿತು. ತಿಳಿಸುತ್ತೇವೆ ಎಂದು ಮಾತು ಕೊಟ್ಟಿದ್ದೆವು. ಆಕೆಯ ನಂಬರ್ ಕೇಳಿರಲಿಲ್ಲ.

"ಅಲ್ಪವಿರಾಮ ಎರಡೂ ತೆಗಿ," ಎಂದೆ. "ಕೊನೇದು ಇರಲಿ."

ತೆಗೆದ, ಹಚ್ಚಿದ. ಮೋಡೆಮ್ ಮತ್ತೆ ಆತುರದಲ್ಲಿ ಸೊನ್ನೆಗಳನ್ನು ಬೀಳಿಸಿಕೊಂಡು ಓಡಿತು. ಮೊದಲ ರಿಂಗಿಗೇ ಅಜ್ಜಿ ಎತ್ತಿ, ಹೆಸರು ಹೇಳದೆ, ಏನಾಯಿತು ಎಂದು ಕೇಳಿದಳು.

ಅವನಿಗೆ ಗೊತ್ತಿದ್ದ ಜರ್ಮನ್‌ನಲ್ಲಿ ಆ ಸುದ್ದಿಗೆ ಸಾಕಾಗುವ, ಹೌದು ಎನ್ನುವ ಒಂದು ಪದವಿತ್ತು. "ಯಾ," ಎಂದ.

ಹುಡುಗಿಯ ಹೆಸರೇನು ಎಂದಳು ಅಜ್ಜಿ. ಹೇಳಿದ. ಆಕೆಗೆ ಹೆಸರು ತಿಳಿಯಲಿಲ್ಲ, ಇನ್ನೊಮ್ಮೆ ಕೇಳಿದಳು. ಅವನು ಒಂದೊಂದು ಅಕ್ಷರವಾದ ಮೇಲೂ ನಿಂತು, ಆಕೆ ಅದನ್ನು ತಿರುಗಿ ಅನ್ನುವವರೆಗೆ ಕಾದು, ಮುಂದಿನದನ್ನು ಹೇಳಿದ.