ಪೆಟ್ಟಿಗೆಯಲ್ಲಿ ಅವಳ ದನಿ

ಸೇನಾ ಆಸ್ಪತ್ರೆಯ ನರ್ಸ್ ಕೆಲಸದಿಂದ ನಿವೃತ್ತಳಾದ ಮೇಲೆ ಕುಂಬಳೆ ಹತ್ತಿರದ ಅನಂತಪುರದ ಕೈಗಾರಿಕಾ ಎಸ್ಟೇಟಿನ ಒಂದು ಸಣ್ಣ ಕಂಪೆನಿಗೆ ಸೇರಿದೆ. ಹಾಸಿಗೆ ಹಿಡಿದವರ ಅಡಿಗೆ ಹಾಸುವ ತೆಳು ಚಾಪೆ, ಅದಕ್ಕೆ ಜೋಡಿಸಿದ ಅಂಗೈಯಗಲದ ಪೆಟ್ಟಿಗೆ, ಇವು ಅಲ್ಲಿ ತಯಾರಾಗುತ್ತವೆ. ಮಲಗಿದವರು ಬಹಳ ಹೊತ್ತು ಅಲುಗದಿದ್ದರೆ ಮಗ್ಗುಲು ಬದಲಿಸಿ ಎಂದು ಪೆಟ್ಟಿಗೆ ಕೂಗುತ್ತದೆ. ಬೆನ್ನಿಗೆ ಹುಣ್ಣಾಗುವುದು ತಪ್ಪುತ್ತದೆ.

ಯಜಮಾನರು ಪುತ್ತಿಗೆ ಕಡೆಯ ಇಂಜಿನಿಯರ್. "ಸಿಸ್ಟರ್, ನಮ್ಮವರಿಗೆ ಕೆಲಸ ಗೊತ್ತುಂಟು. ಯಾರಿಗಾಗಿ ಮಾಡುವುದು ಅಂತ ಗೊತ್ತಿಲ್ಲ" ಎಂದರು. ಗೋಡೆಗೆ ಧ್ಯೇಯವಾಕ್ಯದ ಬೋರ್ಡು ಬೇಡವೆಂದೆ. ಎರಡು ಪದ್ಧತಿ ತಂದೆ. ಪೆಟ್ಟಿಗೆ ಮಾಡಿದವರೇ ಆಗಾಗ ಅದು ಹೋದ ಮನೆಗೆ ಹೋಗಿ ಬರಬೇಕು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ಒಬ್ಬರು ನಿಂತು ಆ ಮನೆಯ ಸುದ್ದಿ ಹೇಳಬೇಕು. ತಡವಾಗಿ ಬಂದವರು ಅದು ಮುಗಿಯುವ ತನಕ ಹೊರಗೆ.

ಪೆಟ್ಟಿಗೆಯ ಮಾತನ್ನೂ ಸ್ಟುಡಿಯೋದವರಿಂದ ಹೇಳಿಸಲಿಲ್ಲ. ತುಳು, ಕನ್ನಡ, ಮಲಯಾಳ, ಎಲ್ಲಕ್ಕೂ ನಮ್ಮವರದೇ ದನಿ. ಬ್ಯಾರಿ ಭಾಷೆಗೆ ತಂತಿ ಬೆಸೆಯುವ ಮೇಜಿನ ಹುಡುಗಿ. ಕುಂಬಳೆಯವಳು. 'ರೋಗಿಯನ್ನು ಎಡಕ್ಕೆ ಹೊರಳಿಸಿ' ಎಂದು ನಾನು ಬರೆದುಕೊಟ್ಟದ್ದನ್ನು ನೋಡಿ ಅವಳು ನಕ್ಕಳು.

"ಮನೆಯಲ್ಲಿ ಯಾರಾದ್ರೂ ರೋಗಿ ಅಂತ ಕರೀತಾರಾ ಸಿಸ್ಟರ್? ನಾನು ನಮ್ಮ ಅಮ್ಮನನ್ನು ಕರೆದ ಹಾಗೆ 'ಉಮ್ಮಾ, ಸ್ವಲ್ಪ ಮಗ್ಗುಲಾಗುವ' ಅಂತ ಹೇಳ್ತೇನೆ."

"ಗಂಡಸು ಮಲಗಿದ್ದರೆ ಎಂತ ಮಾಡ್ತೀ?" ಪಕ್ಕದ ಮೇಜಿನವನು ಕೆಣಕಿದ.

"ಅವರಿಗೆ ಉಪ್ಪಾ ಅಂತ ಬೇರೆ. ಎರಡೂ ನಾನೇ ಹೇಳ್ತೇನೆ. ಸಂಬಳ ಒಂದೇ ಸಾಕು ಮಾರಾಯ."

ಅವಳ ತಾಯಿಯೂ ಪಾರ್ಶ್ವವಾಯು ಬಡಿದು ಮಲಗಿದ್ದರು. ಮೊದಲ ಬ್ಯಾರಿ ಪೆಟ್ಟಿಗೆಯನ್ನು ಅವಳು ಅವರಿಗೇ ಒಯ್ದಳು.

ಕಳೆದ ಮಳೆಗಾಲದಲ್ಲಿ ಅವಳಿಗೆ ಇಲಿಜ್ವರ ಬಂತು. ಮಂಗಳೂರಿಗೆ ಒಯ್ದರೂ ಉಳಿಯಲಿಲ್ಲ.

ಮರುವಾರ ಎಲ್ಲರೂ ಸೇರಿ ಕೂತೆವು. ಅವಳ ದನಿಯನ್ನು ಎಂದೂ ತೆಗೆಯಬಾರದು ಎಂದು ಒಬ್ಬರು ಹೇಳಿದರು, ಉಳಿದವರು ಒಪ್ಪಿದರು. ಅದು ನಮ್ಮ ಗೌರವ ಎಂದುಕೊಂಡೆವು. ಸಾವಿನ ಮನೆಗೆ ಕೆಲಸದ ಮಾತು ಒಯ್ಯುವುದು ಬೇಡವೆಂದು ಅಲ್ಲಿಗೆ ಭೇಟಿಯನ್ನೂ ನಿಲ್ಲಿಸಿದ್ದೆವು. ಹಾಗಾಗಿ ಅವಳ ತಾಯಿಯ ಬಳಿ ಇದ್ದ ಪೆಟ್ಟಿಗೆಯ ಯೋಚನೆ ಯಾರಿಗೂ ಬರಲಿಲ್ಲ.

ಕೊನೆಗೆ ಅವಳ ಅತ್ತಿಗೆಯೇ ಫೋನ್ ಮಾಡಿ ನನ್ನನ್ನು ಕರೆದಳು. ಹೋದೆ. ಅವಳು ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿ ದನಿ ತಗ್ಗಿಸಿ ಹೇಳಿದಳು.

"ತಪ್ಪು ತಿಳ್ಕೊಳ್ಬೇಡಿ ಸಿಸ್ಟರ್. ಅದನ್ನು ಕೊಂಡುಹೋಗಿ."

"ಯಾಕೆ, ಹಾಳಾಯ್ತಾ?"

"ಹಾಳಾಗ್ಲಿಲ್ಲ. ಅದು ಕರೆದಾಗೆಲ್ಲ ಉಮ್ಮ 'ಬಂದಳಲ್ಲ' ಅಂತಾರೆ. ಅವಳಿಲ್ಲ ಅಂತ ನಾನು ಮತ್ತೆ ಹೇಳ್ಬೇಕು. ಅವರು ಅಳ್ತಾರೆ, ಮರೀತಾರೆ. ಮತ್ತೆ ಅದು ಕರೀತದೆ."

ನಾವು ಮಾತನಾಡುತ್ತಿರುವಾಗಲೇ ಒಳಗಿನಿಂದ ಆ ಹುಡುಗಿಯ ದನಿ ಕೇಳಿತು. "ಉಮ್ಮಾ." ಹೋಗಿ ನೋಡಿದರೆ ಮುದುಕಿ ಕತ್ತನ್ನು ಕಷ್ಟದಿಂದ ತಿರುಗಿಸಿ ಬಾಗಿಲನ್ನೇ ನೋಡುತ್ತಿದ್ದರು. ಬಾಗಿಲಲ್ಲಿ ನಿಂತವಳು ನಾನು. ಅವರ ಮುಖ ಇಳಿದುದನ್ನು ನಾನು ಎದುರಿನಿಂದ ಕಂಡೆ.

ಇಬ್ಬರೂ ಸೇರಿ ಅವರನ್ನು ಹೊರಳಿಸಿದೆವು. ಅಭ್ಯಾಸದಂತೆ ಬೆನ್ನು ನೋಡಿದೆ. ಒಂದು ಕೆಂಪು ಕಲೆಯೂ ಇಲ್ಲ. ನನ್ನ ಕೆಲಸದ ಕಾಲದಲ್ಲಿ ಅಷ್ಟು ಚೆನ್ನಾಗಿ ಉಳಿದ ಬೆನ್ನನ್ನು ನೋಡಿದ್ದು ಅಪರೂಪ. ಪೆಟ್ಟಿಗೆ ಒಯ್ದರೆ ಆ ಚರ್ಮ ಉಳಿಯದು. ಇಟ್ಟರೆ ಅವರು ಮಗಳನ್ನು ಮತ್ತೆ ಮತ್ತೆ ಕಳೆದುಕೊಳ್ಳಬೇಕು.

"ಮಾತು ತೆಗೆದು ಬರೀ ಗಂಟೆ ಹಾಕಿಕೊಡ್ತೇವೆ" ಎಂದೆ. ಅತ್ತಿಗೆ ಆಗಲಿ ಎಂದು ತಲೆಯಾಡಿಸಿ ಪೆಟ್ಟಿಗೆ ಕಳಚಿ ಕೊಟ್ಟಳು.

ಮರುದಿನ ಬೆಳಿಗ್ಗೆ ಸುದ್ದಿ ಹೇಳುವ ಸರದಿ ನನ್ನದು. ಹೇಳಿದೆ. ಅವಳ ಮೇಜಿನ ಕಡೆ ಯಾರೂ ನೋಡಲಿಲ್ಲ. "ಬೇರೆ ಮನೆಗಳ ಪೆಟ್ಟಿಗೆಯಿಂದಲೂ ತೆಗೆಯುವುದಾ?" ಎಂದು ಯಜಮಾನರು ಕೇಳಿದರು. ಅಲ್ಲಿ ಅವಳು ಯಾರ ಮಗಳೂ ಅಲ್ಲ, ಇರಲಿ ಎಂದೆ. ಪಕ್ಕದ ಮೇಜಿನವನೇ ಆ ಒಂದು ಪೆಟ್ಟಿಗೆಯನ್ನು ಬಿಚ್ಚಿದ. ದನಿಯನ್ನು ಅಳಿಸುವ ಮೊದಲು ಒಮ್ಮೆಯೂ ಹಾಕಿ ಕೇಳಲಿಲ್ಲ.

ಮುಂದಿನ ಭೇಟಿಗೂ ನಾನೇ ಹೋದೆ. ಗಂಟೆ ಸಣ್ಣಗೆ ಬಡಿಯಿತು. ಅತ್ತಿಗೆ ಬಂದು ಹೊರಳಿಸಿದಳು. ಮುದುಕಿ ಬಾಗಿಲ ಕಡೆ ಕತ್ತು ತಿರುಗಿಸಲಿಲ್ಲ.

"ಈಗ ಅಳುವುದಿಲ್ಲ ಸಿಸ್ಟರ್," ಅತ್ತಿಗೆ ಹೊದಿಕೆ ಸರಿಮಾಡುತ್ತಾ ಹೇಳಿದಳು. "ಅವಳೆಲ್ಲಿ ಅಂತ ಕೇಳುವುದೂ ಇಲ್ಲ."