ಸೀಟಿನ ಹಿಂದಿನ ಬ್ಯಾಟರಿ

ಮನೆಗೆ ಕೀಲಿ ಹಾಕಿ ಹತ್ತು ಹೆಜ್ಜೆ ನಡೆದ ಮೇಲೆ ಮಂಜುಳಾ ಒಮ್ಮೆ ತಿರುಗಿ ಬಾರದ ದಿನವಿಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ, ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದೆನೋ ಇಲ್ಲವೋ. ಒಳಗೆ ಹೋಗಿ ನೋಡಿ, ಮತ್ತೆ ಕೀಲಿ ಹಾಕಿ, ಎರಡು ಸಲ ಜಗ್ಗಿ, ಆಮೇಲೆ ಅಂಗಡಿಯ ದಾರಿ ಹಿಡಿಯುವಳು. ಗಂಡ ಸದಾಶಿವ ಬಸ್ ಡ್ರೈವರ್. ಕಿತ್ತೂರಿನವನು, ತಂಪು ಸ್ವಭಾವದ ಮನುಷ್ಯ. "ನಾ ದಿನಾ ಐವತ್ತು ಮಂದೀನ ಕುಂದ್ರಿಸಿಕೊಂಡು ಹೋಗತೇನಿ, ಹಾಸಿಗಿಗೆ ಬಿದ್ದರ ನಿದ್ದಿ ಬರತೈತಿ. ನೀ ಒಂದು ವಾಯರ್ ಕಟ್ಟಿ ಬಂದು ಮೂರು ದಿನ ಹೊಳ್ಳಾಡತಿ" ಎಂದು ನಗುತ್ತಿದ್ದ.

ಮಂಜುಳಾ ದೊಡವಾಡದಲ್ಲಿ ಹುಟ್ಟಿದವಳು. ಚಿಕ್ಕಂದಿನಲ್ಲೂ ಕುಂತಲ್ಲಿ ಕುಳಿತವಳಲ್ಲ. "ಇದರ ಕಾಲಾಗ ಗಾಲಿ ಅದಾವು" ಎಂದು ಅಪ್ಪ ಮಲಕಾಜಪ್ಪ ಬೈಯುತ್ತಲೇ ಬಸ್ಸಿಗೆ ಹತ್ತಿಸಿ ಧಾರವಾಡಕ್ಕೆ ಕಳಿಸಿದ್ದ. ಅಲ್ಲಿ ಐಟಿಐ ಮುಗಿಸಿದಳು. ಎಲೆಕ್ಟ್ರಿಷಿಯನ್ ತರಗತಿಯಲ್ಲಿ ಅವಳೊಬ್ಬಳೇ ಹುಡುಗಿ. ಮದುವೆಯಾಗಿ ಬೈಲಹೊಂಗಲಕ್ಕೆ ಬಂದ ಮೇಲೆ ಮುರಗೋಡ ರಸ್ತೆಯಲ್ಲಿ ಗಾಡಿಗಳ ವಾಯರಿಂಗ್ ಅಂಗಡಿ ಹಾಕಿದಳು. ಮೊದಮೊದಲು ಟ್ರ್ಯಾಕ್ಟರಿನವರು ಬಂದು, "ಮೇಸ್ತ್ರಿ ಎಲ್ಲಿ ಹೋಗ್ಯಾರ್ರಿ?" ಎಂದು ಅವಳನ್ನೇ ಕೇಳುತ್ತಿದ್ದರು. ಹದಿನಾಲ್ಕು ವರ್ಷದಲ್ಲಿ ಆ ಮಾತು ನಿಂತಿತ್ತು. ಮಂಜಕ್ಕ ಮುಟ್ಟಿದ ವಾಯರು ಮಳೆಗಾಲದಲ್ಲೂ ಮೋಸ ಮಾಡುವುದಿಲ್ಲ ಎಂಬ ಹೆಸರು ಸುತ್ತಿನ ಹಳ್ಳಿಗಳಿಗೆ ಹಬ್ಬಿತ್ತು. ಆ ಹೆಸರೇ ಅವಳ ನಿದ್ದೆ ಕೆಡಿಸುತ್ತಿತ್ತು ಎಂದರೂ ತಪ್ಪಲ್ಲ.

ಮುರಗೋಡದ ಬಸವಲಿಂಗನಿಗೆ ಐವತ್ತು ದಾಟಿದ ಮೇಲೆ ಹತ್ತಿದ ಹುಚ್ಚು ಕಾರಿನದು. ಕಬ್ಬು, ಗಾಣ, ಬೆಲ್ಲದ ವ್ಯಾಪಾರ ನೋಡಿಕೊಂಡಿದ್ದ ದೊಡ್ಡ ಮನೆಯ ಗೌಡ ಒಂದು ದಿನ ಪುಣೆಯಿಂದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ಓಡಿಸಿಕೊಂಡು ಬಂದ. ಕೆಂಪು ಬಣ್ಣ, ಎರಡೇ ಸೀಟು, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡು ಓಡುವಂಥದ್ದು. ಹಿಂದಿನ ಮಾಲೀಕ ಅದರ ಎಂಜಿನ್ ಕಿತ್ತು ಇನ್ನೂ ದೊಡ್ಡದನ್ನು ಕೂಡಿಸಿದ್ದ. ಬಾನೆಟ್ಟಿನ ಕೆಳಗೆ ಗಾಳಿ ಆಡಲೂ ಜಾಗವಿಲ್ಲ. ಆ ಕಾವಿಗೆ ಒಂದೇ ಬೇಸಿಗೆಯಲ್ಲಿ ಎರಡು ಬ್ಯಾಟರಿಗಳು ಹೊಟ್ಟೆ ಉಬ್ಬಿ ಸತ್ತವು.

"ಮಂಜಕ್ಕಾ, ಇದನ್ನ ಇಲ್ಲಿಂದ ಎತ್ತಿ ಒಳಗ ಇಟ್ಟುಬಿಡು" ಎಂದ ಬಸವಲಿಂಗ. "ಎಡಗಡೆ ಸೀಟಿನ ಹಿಂದ ಜಾಗಾ ಐತಿ. ಮುಂದಿನ ಭಾರ ಹಿಂದಕ್ಕ ಬಂದ್ರ ತಿರುವಿನಾಗೂ ಗಾಡಿ ಛಲೋ ಕುಂದ್ರತೈತಿ."

"ಡಿಕ್ಕಿಯಾಗ ಇಟ್ಟರ ಆಗೂದಿಲ್ಲೇನ್ರಿ ಗೌಡ್ರ?"

"ಡಿಕ್ಕಿ ಎಲ್ಲೈತಿ? ಅಲ್ಲಿ ಪೆಟ್ರೋಲ್ ಟಾಕಿ ಕುಂತೈತಿ. ಬರೂ ಐತವಾರ ರಾಮದುರ್ಗದಾಗ ಓಟ ಐತಿ. ಅದರೊಳಗ ಆಗಬೇಕು ನೋಡು."

ರಾಮದುರ್ಗದ ಆಚೆ ಕಲ್ಲು ತೆಗೆದು ಬಿಟ್ಟ ಖಣಿಯ ಬಯಲಿನಲ್ಲಿ ಕಾರಿನ ಹುಚ್ಚಿನವರು ಸೇರಿ ಓಟ ನಡೆಸುವವರಿದ್ದರು. ಒಂದೊಂದೇ ಕಾರು ಬಯಲು ಸುತ್ತಿ ಬರುವುದು, ಗಡಿಯಾರ ಹಿಡಿದು ಹೊತ್ತು ಅಳೆಯುವುದು. ಮಂಜುಳಾ ಒಪ್ಪಿಕೊಂಡಳು. ಒಪ್ಪಿದ ಗಳಿಗೆಯಿಂದಲೇ ಚಿಂತೆ ಹತ್ತಿತು. ಮನುಷ್ಯರು ಕೂರುವ ಜಾಗದಲ್ಲಿ ಬ್ಯಾಟರಿ ಇಡುವುದೆಂದರೆ ಪಡಸಾಲೆಯಲ್ಲಿ ಒಲೆ ಹೂಡಿದ ಹಾಗೆ.

ನಾಲ್ಕು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಮಾಮೂಲಿ ಬ್ಯಾಟರಿ ಗ್ಯಾಸು ಬಿಡುತ್ತದೆ, ಮುಚ್ಚಿದ ಕಾರಿನಲ್ಲಿ ಅದು ಸಲ್ಲದು. ಗ್ಯಾಸು ಹೊರಬಿಡದ ಸೀಲು ಮಾಡಿದ್ದನ್ನೇ ಬೆಳಗಾವಿಯಿಂದ ತರಿಸಿದಳು. ಅದು ಅಲುಗದ ಹಾಗೆ ಕಬ್ಬಿಣದ ಚೌಕಟ್ಟು ಬೆಸೆಸಿ, ಕಾರಿನ ತಳಕ್ಕೆ ನಾಲ್ಕು ಬೋಲ್ಟು ಬಿಗಿದಳು. ಅಲ್ಲಿಂದ ಎಂಜಿನ್ನಿನವರೆಗೆ ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್ ಎಳೆದಳು. ಎಂಜಿನ್ನಿಗೂ ಒಳಭಾಗಕ್ಕೂ ನಡುವಿನ ತಗಡಿನ ಗೋಡೆಗೆ ತೂತು ಕೊರೆದು, ತಗಡಿನ ಅಂಚು ಕೇಬಲ್ಲನ್ನು ಕೊಯ್ಯದಂತೆ ರಬ್ಬರಿನ ಬಳೆ ಕೂಡಿಸಿದಳು. ಬ್ಯಾಟರಿಯಿಂದ ಒಂದು ಗೇಣು ದೂರದಲ್ಲೇ ದೊಡ್ಡ ಫ್ಯೂಜು ಹಾಕಿದಳು. ಮುಂದೆ ಎಲ್ಲಿ ಕೇಬಲ್ಲು ಕೆಟ್ಟರೂ ಅದು ಸುಟ್ಟು ಕರೆಂಟು ಕಡಿಯಬೇಕು.

ಐತವಾರ ಹತ್ತು ಗಂಟೆಗೆ ಬರುತ್ತೇನೆ ಎಂದಿದ್ದ ಬಸವಲಿಂಗ ಏಳಕ್ಕೇ ಬಂದು ನಿಂತ.

"ಆತೇನು ಮಂಜಕ್ಕಾ? ಮಂದಿ ಆಗಲೇ ಹೊಂಟಾರ."

"ಇನ್ನೊಂದು ತಾಸು ಕೊಡ್ರಿ. ಎಲ್ಲಾ ಒಮ್ಮಿ ನೋಡಬೇಕು."

"ನೀ ನೋಡಕೋತ ಕುಂತ್ರ ಸಂಜೀ ಆಗತೈತಿ. ಚಾಲೂ ಮಾಡು, ನೋಡೋಣು."

ಚಾಲೂ ಮಾಡಿದಳು. ಎಂಜಿನ್ ಮೊದಲ ತಿರುವಿಗೇ ಗುಡುಗಿತು. ಬಸವಲಿಂಗನ ಮುಖ ಅರಳಿತು. ಅವನು ಆಗಲೇ ಬಾಗಿಲು ತೆಗೆದು ಒಳಗೆ ಕಾಲಿಟ್ಟಿದ್ದ. ಅವಸರದಲ್ಲಿ ಮಂಜುಳಾ ಎಡಗಡೆ ಸೀಟಿಗೂ ಬ್ಯಾಟರಿಗೂ ನಡುವೆ ಕೈ ತೂರಿಸಿ ನೋಡಿದಳು. ನಾಲ್ಕು ಬೆರಳು ಅಂತರವಿತ್ತು. ಸಾಕು ಅನ್ನಿಸಿತು. ಕಾರು ಧೂಳೆಬ್ಬಿಸಿ ಮುರಗೋಡದ ಕಡೆ ಹೊರಟುಹೋಯಿತು.

ಸಾಮಾನು ಎತ್ತಿಡುತ್ತಿದ್ದಾಗ ಮೇಜಿನ ಮೇಲೆ ನಟ್ಟುಗಳ ತಟ್ಟೆಯಲ್ಲಿ ಕೆಂಪು ರಬ್ಬರ್ ಟೊಪ್ಪಿಗೆ ಕಂಡಿತು. ಬ್ಯಾಟರಿಯಲ್ಲಿ ಕೇಬಲ್ಲು ಕೂಡುವ ಪ್ಲಸ್ ಕೊಂಬಿನ ಮೇಲೆ ಮುಚ್ಚಬೇಕಾದದ್ದು. ಮುಚ್ಚಿರಲಿಲ್ಲ.

ಮೊದಲು, ಇರಲಿ, ನಾಲ್ಕು ಬೆರಳು ಅಂತರ ಇದೆಯಲ್ಲ ಎಂದುಕೊಂಡಳು. ಆಮೇಲೆ ನೆನಪಾಯಿತು: ಅಂತರ ನೋಡಿದಾಗ ಸೀಟು ನಡು ಜಾಗದಲ್ಲಿತ್ತು. ಅದು ಹಿಂದಕ್ಕೂ ಸರಿಯುತ್ತದೆ. ಪೂರ್ತಿ ಹಿಂದಕ್ಕೆ ಸರಿಸಿ ನೋಡಿಯೇ ಇರಲಿಲ್ಲ. ಗಾಡಿಯ ಕಬ್ಬಿಣದ ಮೈಯೆಲ್ಲ ಮೈನಸ್; ಸೀಟಿನ ಬೆನ್ನಿನ ಕಬ್ಬಿಣ ಆ ಬರಿ ಕೊಂಬಿಗೆ ತಾಗಿತೆಂದರೆ ಫ್ಯೂಜು ಕಾಯುವುದಿಲ್ಲ. ಫ್ಯೂಜು ಇರುವುದು ಅದರ ಆಚೆ. ಬ್ಯಾಟರಿಯ ಕಸುವೆಲ್ಲ ಅಲ್ಲಿಯೇ, ಕುಳಿತವರ ಬೆನ್ನಿಗೇ, ಬೆಂಕಿಯಾಗಿ ಇಳಿಯುತ್ತದೆ.

ಬಸವಲಿಂಗನಿಗೆ ಫೋನು ಹಚ್ಚಿದಳು. ಬಾರಿಸಿ ಬಾರಿಸಿ ನಿಂತಿತು. ಮತ್ತೆ ಹಚ್ಚಿದಳು. ಗೌಡ ಒಬ್ಬನೇ ಹೋಗುತ್ತಾನೆ, ಪಕ್ಕದ ಸೀಟು ಯಾರು ಸರಿಸುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಟೊಪ್ಪಿಗೆ, ನಟ್ಟು ಬಿಗಿಯುವ ಪಾನಾ, ಮೀಟರು ಚೀಲಕ್ಕೆ ತುರುಕಿ ಸ್ಕೂಟರ್ ಹೊರಗೆಳೆದಳು. ಅಂದು ಅಂಗಡಿಯ ಬಾಗಿಲಿಗೆ ಕೀಲಿ ಹಾಕಿದಳೋ ಇಲ್ಲವೋ, ಅದನ್ನೂ ತಿರುಗಿ ನೋಡಲಿಲ್ಲ.

ಮುರಗೋಡದ ಮನೆಯ ಕಟ್ಟೆಯ ಮೇಲೆ ಬಸವಲಿಂಗನ ಹೆಂಡತಿ ಅನ್ನಪೂರ್ಣಾ ಜೋಳ ಹಸನು ಮಾಡುತ್ತ ಕುಳಿತಿದ್ದಳು.

"ಈಗ ಹೋದ್ರಲ್ಲ ಮಂಜಕ್ಕಾ. ಅತ್ತ್ಯಾರೂ ಹೋದ್ರು. ಸಿರಸಂಗಿ ಕಾಳಮ್ಮಗ ಕಾಯಿ ಒಡಿಸಿ, ಹಂಗ ರಾಮದುರ್ಗಕ್ಕ ಹೋಗ್ತಾರಂತ."

ಮಂಜುಳಾ ಸ್ಕೂಟರ್ ತಿರುಗಿಸುತ್ತಲೇ ಕೇಳಿದಳು. "ಅವ್ವಾರೂ ಕಾರಿನ್ಯಾಗ ಹೋದ್ರಾ?"

"ಹೂಂ. ಹೆಂಗ ಕುಂದ್ರಾಕಾಗತೈತೋ ಏನೋ. ಮಣಕಾಲು ಮಡಚಾಕ ಬರಂಗಿಲ್ಲ ಅವರಿಗೆ. 'ಸೀಟು ಹಿಂದಕ ಸರಿತೈತಿ ಹತ್ತಬೇ' ಅಂತ ಇವರು ಹತ್ತಿಸಿಕೊಂಡು ಹೋದ್ರು. ಯಾಕ? ಏನಾತು?"

ಉತ್ತರ ಹೇಳಲು ಅವಳು ನಿಲ್ಲಲಿಲ್ಲ. ಸವದತ್ತಿಯ ದಾರಿಗುಂಟ ಎರೆ ಹೊಲಗಳು ಹಿಂದೆ ಸರಿಯುತ್ತಿದ್ದವು. ಸ್ಕೂಟರ್ ಎಷ್ಟು ಹಿಂಡಿದರೂ ಅಷ್ಟೇ. ಎದುರಿಗೆ ದೂರದಲ್ಲಿ ಧೂಳೆದ್ದರೆ ಅದು ಹೊಗೆ ಅನ್ನಿಸುತ್ತಿತ್ತು. ಸವದತ್ತಿಯಲ್ಲಿ ಚಹಾದ ಅಂಗಡಿಯ ಮುಂದೆ ಕೆಂಪು ಕಾರು ಕಂಡಿರಾ ಎಂದು ಕೇಳಿದಳು. "ಕಾಣೂದೇನಬೇ, ಕಿವಿ ಕಿತ್ತು ಹೋಗು ಹಂಗ ಸಪ್ಪಳ ಮಾಡಿಕೋತ ಹೋತು. ಅರ್ಧಾ ತಾಸಾತು" ಎಂದರು. ಫೋನು ಹಚ್ಚಿದಳು. ಬಾರಿಸಿ ನಿಂತಿತು. ಗೌಡನ ತಾಯಿ ಪದ್ಮವ್ವನನ್ನು ಅವಳು ಒಂದೆರಡು ಸಲ ನೋಡಿದ್ದಳು. ಎಪ್ಪತ್ತು ದಾಟಿದ, ಬಾಯಿತುಂಬ ಮಾತಾಡುವ ಮುದುಕಿ. ಆ ಮುಖ ಕಣ್ಣಿನಿಂದ ಹೋಗಲಿಲ್ಲ.

ಸಿರಸಂಗಿ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಪಕ್ಕ ಬೇವಿನ ಗಿಡದ ಕೆಳಗೆ ಕೆಂಪು ಕಾರು ನಿಂತಿತ್ತು. ಎರಡೂ ಬಾಗಿಲು ತೆರೆದಿದ್ದವು. ಕಲ್ಲಿನ ಮೇಲೆ ಪದ್ಮವ್ವ ಕಾಲು ಚಾಚಿ ಕುಳಿತಿದ್ದಳು. ಮಂಜುಳಾ ಸ್ಕೂಟರ್ ನಿಲ್ಲಿಸಿ ಚೀಲ ಹಿಡಿದು ಇಳಿದಳು.

ಬಸವಲಿಂಗ ತಾಯಿಯನ್ನು ಗದರಿಸುತ್ತಿದ್ದ. "ನಿನಗ ಯಾರು ಹೇಳಿದ್ರು ಅಷ್ಟು ಹಿಂದ ತಳ್ಳಾಕ? ಒಂದು ಹದಾ ಬ್ಯಾಡ? ಹೊಸಾ ವಾಯರಿಂಗ್ ಎಲ್ಲಾ ಕೆಡಿಸಿ ಇಟ್ಟಿ!"

"ನಾ ಏನ ಮಾಡಿದ್ನೋ ತಮ್ಮಾ, ಕಾಲು ಚಾಚಿದೆ ಅಷ್ಟ" ಎಂದಳು ಪದ್ಮವ್ವ. ಅವಳ ಸೆರಗಿನ ಅಂಚು ಅಂಗೈಯಷ್ಟು ಸುಟ್ಟು ಕಪ್ಪಾಗಿತ್ತು.

ನಡೆದದ್ದು ಇಷ್ಟು. ದಾರಿಯಲ್ಲಿ ಮುದುಕಿ ಸೀಟು ಸರಿಸುವ ಕೆಳಗಿನ ಸನ್ನೆ ಎತ್ತಿ ಅದನ್ನು ಇನ್ನಷ್ಟು ಹಿಂದಕ್ಕೆ ತಳ್ಳಿದ್ದೇ ತಡ, ಬೆನ್ನ ಹಿಂದೆ ಚರ್ ಎಂದು ಕಿಡಿ ಹಾರಿತ್ತು. ಅವಳು ಚೀರಿದಳು, ಮಗ ಬ್ರೇಕು ಒತ್ತಿದ. ಸನ್ನೆ ಇನ್ನೂ ಎತ್ತಿಯೇ ಇದ್ದುದರಿಂದ ಆ ಹೊಡೆತಕ್ಕೆ ಸೀಟು ತಾನೇ ಮುಂದಕ್ಕೆ ಜಾರಿತು, ಕಬ್ಬಿಣ ಬ್ಯಾಟರಿಯಿಂದ ಬಿಟ್ಟಿತು. ಇನ್ನೊಂದು ಗಳಿಗೆ ಹಾಗೇ ಹಿಡಿದಿದ್ದರೆ ಏನಾಗುತ್ತಿತ್ತೆಂಬುದನ್ನು ಮಂಜುಳಾ ಒಬ್ಬಳೇ ಬಲ್ಲಳು.

ಬಸವಲಿಂಗನಿಗೆ ಅವಳನ್ನು ಕಂಡು ಸಂತೋಷವೇ ಆಯಿತು. "ಛಲೋ ಬಂದಿ ನೋಡು ಮಂಜಕ್ಕಾ! ನಮ್ಮವ್ವ ಏನ್ ಮಾಡ್ಯಾಳ ನೋಡು."

ಆ ಒಂದು ಕ್ಷಣ ಎಲ್ಲವೂ ಅವಳ ಕೈಯಲ್ಲಿತ್ತು. ತಪ್ಪು ಆಗಲೇ ಮುದುಕಿಯ ತಲೆಯ ಮೇಲೆ ಕುಳಿತಿತ್ತು. ಬಗ್ಗಿ ಟೊಪ್ಪಿಗೆ ಮುಚ್ಚಿ ಎದ್ದರೆ ಮುಗಿಯುತ್ತಿತ್ತು, ಯಾರಿಗೂ ತಿಳಿಯುತ್ತಿರಲಿಲ್ಲ. ಮಂಜುಳಾ ಚೀಲದಿಂದ ಕೆಂಪು ಟೊಪ್ಪಿಗೆ ತೆಗೆದು ಅಂಗೈಯಲ್ಲಿಟ್ಟು ತೋರಿಸಿದಳು.

"ಅವ್ವಾರನ್ನ ಬೈಬ್ಯಾಡ್ರಿ ಗೌಡ್ರ. ಇದನ್ನ ಹಾಕೂದು ಮರತಿದ್ದೆ. ಸೀಟು ಹಿಂದ ಸರಿಸೀನೂ ನೋಡಿರಲಿಲ್ಲ. ತಪ್ಪು ನಂದು."

ಬಸವಲಿಂಗ ಟೊಪ್ಪಿಗೆ ನೋಡಿದ, ತಾಯಿಯ ಸೆರಗು ನೋಡಿದ. ಅವನ ಮುಖ ಕೆಂಪಾಯಿತು. "ನಮ್ಮವ್ವ ಸುಟ್ಟು ಹೋಗತಿದ್ಲಲ್ಲ!"

"ಹೌದ್ರಿ."

"ಹೌದ್ರಿ ಅಂತಿ? ನಿನ್ನ ಹೆಸರ ಕೇಳಿ ನಾ ನಿನ್ನ ಕಡೆ ಬಂದಿದ್ದೆ!"

ನೀವು ಮೂರು ತಾಸು ಮೊದಲೇ ಬಂದು ಅವಸರ ಮಾಡಿದಿರಿ ಎಂಬ ಮಾತು ಮಂಜುಳಾಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಆ ಮಾತನ್ನು ಪದ್ಮವ್ವನೇ ಆಡಿದಳು.

"ನೀ ನಸುಕಿನ್ಯಾಗ ಎದ್ದು ಕುಣದಿದ್ದು ನಾ ನೋಡಿಲ್ಲೇನು? ಆಕಿಗೆ ಕೆಲಸಾ ಮುಗಸಾಕ ಬಿಟ್ಟೇನು? ಇಷ್ಟೊತ್ತು ನನ್ನ ಬೈದಿ, ಈಗ ಆಕೀನ ಬೈಯಾಕತ್ತಿ. ಬಾ ಯವ್ವಾ, ನೀ ಮೊದಲು ನೀರು ಕುಡಿ. ಮುಖಾ ನೋಡು ಹೆಂಗಾಗೇತಿ."

ನೀರು ಕುಡಿದು ಮಂಜುಳಾ ಕೆಲಸಕ್ಕೆ ಇಳಿದಳು. ಪ್ಲಸ್ ಕೊಂಬಿನ ಸೀಸ ಒಂದು ಕಡೆ ಜೋಳದ ಕಾಳಿನಷ್ಟು ಕರಗಿ ಗುಳಿ ಬಿದ್ದಿತ್ತು. ಬ್ಯಾಟರಿಯ ಮೈ ಬಿಸಿಯಾಗಿರಲಿಲ್ಲ, ಉಬ್ಬಿರಲಿಲ್ಲ. ಮೀಟರು ಸರಿಯಾಗಿಯೇ ತೋರಿಸಿತು. ಟೊಪ್ಪಿಗೆ ಮುಚ್ಚಿದಳು. ಆದರೆ ಈಗ ಬರೀ ಟೊಪ್ಪಿಗೆಯ ಮೇಲೆ ಅವಳಿಗೆ ನಂಬಿಕೆ ಇರಲಿಲ್ಲ. ಸೀಟು ಮುಂದಕ್ಕೆ ಸರಿಸಿ, ಕಾರನ್ನು ಮೆಲ್ಲಗೆ ಸಿರಸಂಗಿಗೆ ತರಿಸಿ ಭರಮಪ್ಪ ಬಡಿಗೇರನ ಮುಂದೆ ನಿಂತಳು. ಬ್ಯಾಟರಿಯ ಮೇಲೆ ಕವುಚಿ ಇಡಲು ಕಟ್ಟಿಗೆಯ ಪೆಟ್ಟಿಗೆ ಬೇಕೆಂದಳು.

"ಕಾರಿಗೆ ಕಟ್ಟಿಗಿ ಪೆಟಿಗಿ?" ಎಂದು ಭರಮಪ್ಪ ಮೂಗಿನ ಮೇಲೆ ಬೆರಳಿಟ್ಟ.

"ಕಟ್ಟಿಗಿಗೆ ಕರೆಂಟ್ ಹತ್ತಂಗಿಲ್ಲ ಕಾಕಾ. ಗಟ್ಟಿ ಇರಲಿ."

ಭರಮಪ್ಪ ಹಳೆಯ ಸಾಗುವಾನಿ ಹಲಗೆ ಕೊಯ್ದು ಪೆಟ್ಟಿಗೆ ಮಾಡುವಷ್ಟರಲ್ಲಿ ತಾಯಿ ಮಗ ಕಾಯಿ ಒಡೆಸಿಕೊಂಡು ಬಂದರು. ಮಂಜುಳಾ ಪೆಟ್ಟಿಗೆಯನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದಳು. ಸೀಟು ಒಂದು ಹಂತದಿಂದ ಹಿಂದೆ ಹೋಗದಂತೆ ಅದರ ಹಳಿಗೆ ಅಡ್ಡ ಬೋಲ್ಟು ಹಾಕಿದಳು. ತಾನೇ ಒಳಗೆ ಕುಳಿತು, ಕಾಲು ಒತ್ತಿ, ಹಿಂದಕ್ಕೆ ತಳ್ಳಿ ನೋಡಿದಳು. ಹತ್ತು ಸಲ, ಹನ್ನೆರಡು ಸಲ. ಬಸವಲಿಂಗ ಈ ಸಲ ಗಡಿಯಾರ ನೋಡಲಿಲ್ಲ.

ಹೊರಡುವಾಗ ಮಾತ್ರ ಅವಳು ಅಡ್ಡ ನಿಂತಳು. "ಗೌಡ್ರ, ಓಟ ಮುಗಿಯುತನಕ ಅವ್ವಾರು ಇದರಾಗ ಕುಂದ್ರೂದು ಬ್ಯಾಡ್ರಿ. ನೀವು ಮುಂದ ನಡೀರಿ, ನಾ ಹಿಂದ ಬರತೇನಿ."

"ಹಂಗಾರ ನಾ ಹೆಂಗ ಬರ್ಲಿ?" ಎಂದಳು ಪದ್ಮವ್ವ. ತಾನೇ ಸ್ಕೂಟರಿನ ಕಡೆ ನೋಡಿದಳು. "ಇದರ ಮ್ಯಾಲ ಕಾಲು ಇಳಿಬಿಟ್ಟು ಕುಂದ್ರಬಹುದು. ಹಿಡಿ ಯವ್ವಾ ಕೈ."

ಹೀಗೆ ರಾಮದುರ್ಗದವರೆಗೆ ಮುಂದೆ ಕೆಂಪು ಕಾರು, ಹಿಂದೆ ಸುಟ್ಟ ಸೆರಗು ಹಾರಿಸುತ್ತ ಸ್ಕೂಟರಿನ ಮೇಲೆ ಮುದುಕಿ. ದಾರಿಯುದ್ದಕ್ಕೂ ಮುದುಕಿ ಹೊಲಗಳ ಮಾಲೀಕರು ಯಾರು, ಅವರ ಸೊಸೆಯಂದಿರು ಯಾವ ಊರಿನವರು ಎಂದು ಹೇಳುತ್ತಲೇ ಬಂದಳು. ಮಂಜುಳಾಳ ಕಣ್ಣು ಮಾತ್ರ ಕಾರಿನ ಹಿಂದಿನ ಗಾಜು ಬಿಟ್ಟು ಅಲುಗಲಿಲ್ಲ.

ಖಣಿಯ ಬಯಲಿನಲ್ಲಿ ಬಸವಲಿಂಗನ ಸರದಿ ಬಂದಾಗ ಅವಳಿಗೆ ನೋಡಲಾಗಲಿಲ್ಲ. ಬೆನ್ನು ತಿರುಗಿಸಿ ನಿಂತು ಸಪ್ಪಳವನ್ನಷ್ಟೇ ಕೇಳಿದಳು. ಗೇರು ಏರಿತು, ಇಳಿಯಿತು. ದೂರದ ತಿರುವಿನಲ್ಲಿ ಎಂಜಿನ್ನಿನ ಸದ್ದು ಕಲ್ಲುಗುಡ್ಡದ ಹಿಂದೆ ಸಣ್ಣಗಾದಾಗ ಅವಳ ಉಸಿರೂ ಸಣ್ಣಗಾಯಿತು. ಪದ್ಮವ್ವ ಪಕ್ಕದಲ್ಲಿ ನಿಂತು, "ಬಂತು, ಬಂತು, ಈಗ ಎಡಕ್ಕ ಹೊಳ್ಳಿತು" ಎಂದು ಒಂದೊಂದೂ ಹೇಳುತ್ತಿದ್ದಳು. ಮೂರು ಸುತ್ತು. ಕಾರು ನಿಂತ ಕೂಡಲೇ ಮಂಜುಳಾ ಓಡಿಹೋಗಿ ಪೆಟ್ಟಿಗೆ ಬಿಚ್ಚಿ ಬ್ಯಾಟರಿಯ ಮೇಲೆ ಕೈಯಿಟ್ಟಳು. ತಣ್ಣಗಿತ್ತು.

ಹನ್ನೊಂದು ಕಾರುಗಳಲ್ಲಿ ಬಸವಲಿಂಗನದು ಏಳನೆಯದಾಯಿತು. ಅವನಿಗೆ ಅದೇ ದೊಡ್ಡದು. ಆದರೆ ಸಿಟ್ಟು ಪೂರಾ ಇಳಿದಿರಲಿಲ್ಲ. "ಮುಂದಿನ ಕೆಲಸಾ ನಿನ್ನ ಕಡೆ ಮಾಡಸ್ತೇನೋ ಇಲ್ಲೋ, ವಿಚಾರ ಮಾಡಿ ಹೇಳತೇನಿ" ಎಂದ. ಮಂಜುಳಾ ತಲೆಯಾಡಿಸಿದಳು. ಅದು ಅವನ ಹಕ್ಕು. ಮುರಗೋಡದಲ್ಲಿ ಈ ಕತೆ ಹಬ್ಬಿ ಒಂದಿಬ್ಬರು ಗಿರಾಕಿಗಳು ಬೇರೆ ಅಂಗಡಿ ನೋಡಿಕೊಂಡದ್ದೂ ನಿಜ. ಅಂದಿನಿಂದ ಅವಳು ಯಾವ ಗಾಡಿಯನ್ನೇ ಆಗಲಿ, ಪ್ರತಿ ಸೀಟಿನಲ್ಲೂ ತಾನು ಕುಳಿತು ಹಿಂದೆ ಮುಂದೆ ಸರಿಸಿ ನೋಡದೆ ಬಿಡುವುದಿಲ್ಲ. ಹೊರಗೆ ನಿಂತವರು ಹಾರ್ನು ಬಾರಿಸಿದರೆ ಬಾರಿಸಲಿ.

ಅಂದು ಸಂಜೆ ತಾಯಿ ಮಗ ಕಾರಿನಲ್ಲೇ ಊರಿಗೆ ಹೊರಟರು; ಓಟ ಮುಗಿದಿದೆ, ಇನ್ನು ಇದರಲ್ಲೇ ಕೂರುತ್ತೇನೆಂದು ಪದ್ಮವ್ವ ಹಟ ಹಿಡಿದಿದ್ದಳು. ಮಂಜುಳಾಳ ಸ್ಕೂಟರ್ ಬಹಳ ಹಿಂದೆ ಉಳಿಯಿತು. ಸವದತ್ತಿ ಹತ್ತಿರ ಬರುವಾಗ, ಆ ಅಡ್ಡ ಬೋಲ್ಟಿನ ನಟ್ಟು ಕೊನೆಯ ಸಲ ಬಿಗಿದೆನೋ ಇಲ್ಲವೋ ಎಂಬ ಯೋಚನೆ ಬಂತು. ಸ್ಕೂಟರ್ ಬದಿಗೆ ಹಾಕಿ ಫೋನು ಹಚ್ಚಿದಳು. ಈ ಸಲ ಮೊದಲ ರಿಂಗಿಗೇ ಮಗನ ಫೋನನ್ನು ಪದ್ಮವ್ವ ಎತ್ತಿದಳು.

"ಅವ್ವಾರ, ಕೆಳಗ ಕೈ ಹಾಕಿ ನೋಡ್ರಿ. ಬೋಲ್ಟ್ ಅಲಗತೈತೇನ್ರಿ?"

ಆ ಕಡೆ ಸ್ವಲ್ಪ ಹೊತ್ತು ಏದುಸಿರು, ಬಳೆಯ ಸಪ್ಪಳ. "ಏನೂ ಅಲಗಂಗಿಲ್ಲ ಯವ್ವಾ. ಕಲ್ಲು ಕುಂತಂಗ ಕುಂತೈತಿ. ನೀ ಮನಿಗೆ ಹೋಗಿ ಉಂಡು ಮಲಕ್ಕೋ."

"ಆತ್ರಿ" ಎಂದಳು ಮಂಜುಳಾ. ಆಮೇಲೆ ಫೋನು ಇಡಲಾರದೆ, "ಇನ್ನೊಮ್ಮಿ ಜಗ್ಗಿ ನೋಡತೀರೇನ್ರಿ?" ಎಂದಳು.